ವಿದ್ಯಾಧಿರಾಜ ಚಟ್ಟಂಬಿ ಸ್ವಾಮಿಗಳು

ಕಳೆದ ಮಳೆಗಾಲದ ಒಂದು ಮಧ್ಯಾಹ್ನ ಒಂಬತ್ತನೆಯ ತರಗತಿಯಲ್ಲಿ ಎದ್ದ ಗದ್ದಲವು ನಿಮ್ಮಲ್ಲಿ ಕೆಲವರಿಗೆ ಇನ್ನೂ ನೆನಪಿರಬಹುದು. ಬೈಬಲ್ಲಿನಲ್ಲಿ ಒಂದಕ್ಕೊಂದು ಹೊಂದದ ಮಾತುಗಳಿವೆ ಎಂದು ಒಬ್ಬ ಹುಡುಗನು ಹೇಳಿದನು. ಇಲ್ಲವೇ ಇಲ್ಲವೆಂದು ಮತ್ತೊಬ್ಬನು ಎದ್ದು ನಿಂತನು. ಮೊದಲನೆಯವನು ಎಲ್ಲಿಯೋ ಕೇಳಿ ತಿಳಿದಿದ್ದ ಸಂಗತಿಯೊಂದನ್ನು ಸಾಕ್ಷಿಗೆ ತಂದನು. ಮತ್ತಾಯನ ಸುವಾರ್ತೆಯಲ್ಲಿ ಯೋಸೇಫನ ತಂದೆಯ ಹೆಸರು ಯಾಕೋಬನೆಂದಿದೆ. ಲೂಕನ ಸುವಾರ್ತೆಯಲ್ಲಿ ಹೇಲೀ ಎಂದಿದೆ. ಒಬ್ಬನಿಗೆ ಇಬ್ಬರು ತಂದೆಯರು ಇರುವುದುಂಟೇ ಎಂಬುದು ಅವನ ಪ್ರಶ್ನೆ. ಎರಡನೆಯವನಿಗೆ ಉತ್ತರ ತಿಳಿಯದು. ಅವನ ಕಣ್ಣಿನಲ್ಲಿ ನೀರು ಬಂತು, ಅನಂತರ ಕೈ ಮುಂದಾಯಿತು. ಐದನೆಯ ತರಗತಿಯಿಂದ ಒಂದೇ ಬೆಂಚಿನಲ್ಲಿ ಕುಳಿತು ಒಂದೇ ಬುತ್ತಿಯನ್ನು ಹಂಚಿ ಉಂಡ ಆ ಇಬ್ಬರೂ ಅಂದಿನಿಂದ ಹದಿನೈದು ದಿನ ಮಾತನಾಡಲಿಲ್ಲ. ಅವರನ್ನು ಬೇರೆ ಬೇರೆ ಕೂರಿಸಿದೆನೇ ಹೊರತು, ಮೇಷ್ಟ್ರೆನಿಸಿಕೊಂಡ ನನಗೂ ಆ ಗಳಿಗೆಯಲ್ಲಿ ತಕ್ಕ ಮಾತು ಹೊಳೆಯಲಿಲ್ಲ.

ಇದೇ ವಾದವು ನೂರಮೂವತ್ತು ವರ್ಷಗಳಿಗೂ ಹಿಂದೆ ಈ ಮಲಯಾಳ ನಾಡಿನಲ್ಲಿ ಬಲು ದೊಡ್ಡ ಪ್ರಮಾಣದಲ್ಲಿ ನಡೆಯಿತು. ಅದನ್ನು ನಡೆಸಿದ ಮಹನೀಯರ ಚರಿತ್ರೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಕನ್ನಡನಾಡಿನಿಂದ ಬಂದು ಪೆರಿಯಾರಿನ ದಡದಲ್ಲಿ ನೆಲಸುವವರೆಗೆ ನಾನು ಅವರ ಹೆಸರನ್ನು ಕೇಳಿದವನಲ್ಲ. ಇಲ್ಲಿ ಮಾತ್ರ ಎಳೆಯ ಮಕ್ಕಳೂ ಬಲ್ಲ ಹೆಸರು ಅದು.

1853ನೆಯ ಆಗಸ್ಟ್ ತಿಂಗಳ 25ರಂದು ತಿರುವನಂತಪುರದ ಕಣ್ಣಮ್ಮೂಲೆಯ ಕೊಲ್ಲೂರು ಎಂಬಲ್ಲಿ ಅವರ ಜನನವಾಯಿತು. (ಇದು ನಮ್ಮ ಮೂಕಾಂಬಿಕೆಯ ಕೊಲ್ಲೂರಲ್ಲ, ಹೆಸರು ಮಾತ್ರ ಒಂದು.) ತಾಯಿ ನಂಗಮ್ಮ, ತಂದೆ ವಾಸುದೇವ ಶರ್ಮ. ಇಟ್ಟ ಹೆಸರು ಅಯ್ಯಪ್ಪನ್. ಮನೆಯವರು ಕರೆದದ್ದು ಕುಞ್ಞನ್, ಅಂದರೆ ಚಿಕ್ಕವನು, ಎಂದು. ತಂದೆ ಬ್ರಾಹ್ಮಣನಾದರೂ ಮಗುವಿನದು ತಾಯಿಯ ಕುಲವೇ. ನಾಯರ್ ಕುಲದ ಆ ಬಾಲಕನಿಗೆ ಅಂದಿನ ಕಟ್ಟಳೆಯಂತೆ ವೇದವನ್ನು ಓದುವ ಅಧಿಕಾರವಿರಲಿಲ್ಲ. ಮನೆಯಲ್ಲಿ ಕಡುಬಡತನ. ಶಾಲೆಗೆ ಹೋಗಿ ಬರುವ ನೆರೆಯ ಮಕ್ಕಳ ಓಲೆಗಳನ್ನು ನೋಡಿ ಅಕ್ಷರ ಕಲಿತನು. ಸಮೀಪದ ಮಠದಲ್ಲಿ ಶಾಸ್ತ್ರಿಗಳು ಬೇರೆ ಮಕ್ಕಳಿಗೆ ಹೇಳಿಕೊಡುತ್ತಿದ್ದ ಸಂಸ್ಕೃತ ಪಾಠವನ್ನು ಮರೆಯಲ್ಲಿ ನಿಂತು ಕೇಳಿ ಕಂಠಪಾಠ ಮಾಡಿದನು ಎಂದು ಅವರ ಜೀವನಚರಿತ್ರೆಗಳು ಹೇಳುತ್ತವೆ.

ತರುವಾಯ ಪೇಟ್ಟೆಯ ರಾಮನ್ ಪಿಳ್ಳೆ ಆಶಾನರ ಪಾಠಶಾಲೆಯಲ್ಲಿ ಆಶ್ರಯ ದೊರೆಯಿತು. ಆಶಾನರು ಈ ಬಡ ಹುಡುಗನ ಬುದ್ಧಿಯನ್ನು ಕಂಡು ಅವನನ್ನೇ ತರಗತಿಯ ಮುಖಂಡನನ್ನಾಗಿ ಮಾಡಿದರು. ನಮ್ಮ ಹಿಂದಿನ ಮಠಗಳಲ್ಲಿ ಹಿರೇಮಣಿ ಇರುತ್ತಿದ್ದನಲ್ಲ, ಅಂಥ ಸ್ಥಾನ. ಅದಕ್ಕೆ ಮಲಯಾಳದಲ್ಲಿ ಚಟ್ಟಂಬಿ ಎಂದು ಹೆಸರು. ಚಟ್ಟವೆಂದರೆ ನಿಯಮ, ಅದನ್ನು ನಡೆಸುವವನು ಚಟ್ಟಂಬಿ. ವಿನೋದವೆಂದರೆ, ಇಂದಿನ ಬೀದಿಯ ಮಲಯಾಳದಲ್ಲಿ ಆ ಶಬ್ದಕ್ಕೆ ಪುಂಡನೆಂಬ ಅರ್ಥ ಬಂದುಬಿಟ್ಟಿದೆ. ಸ್ವಾಮಿಗಳ ಹೆಸರಿಗೆ ಮಾತ್ರ ಆ ಕಳಂಕ ತಟ್ಟಲಿಲ್ಲ.

ಹೊಟ್ಟೆಯ ಚಿಂತೆ ಮಾತ್ರ ಬಿಡಲಿಲ್ಲ. ತಿರುವನಂತಪುರದಲ್ಲಿ ಇಂದು ಸಚಿವಾಲಯವಾಗಿರುವ ಭವ್ಯಕಟ್ಟಡವು 1869ರಲ್ಲಿ ಮುಗಿಯಿತು. ಅದನ್ನು ಕಟ್ಟುತ್ತಿದ್ದಾಗ ಮಣ್ಣು ಕಲ್ಲು ಹೊತ್ತ ಕೂಲಿಗಳಲ್ಲಿ ಈ ಹುಡುಗನೂ ಒಬ್ಬನೆಂಬುದು ಪ್ರತೀತಿ. ಮುಂದೆ ದಸ್ತಾವೇಜು ಬರೆಯುವ ಕೆಲಸ, ಕೆಲವು ಕಾಲ ಸರಕಾರದ ಲೆಕ್ಕದ ಗುಮಾಸ್ತಿಕೆ. ಯಾವುದರಲ್ಲೂ ಮನಸ್ಸು ನಿಲ್ಲಲಿಲ್ಲ. ತೈಕ್ಕಾಡು ಅಯ್ಯಾವು ಸ್ವಾಮಿಗಳಿಂದ ಯೋಗವನ್ನು ಕಲಿತರು. ಆಮೇಲೆ ತಮಿಳುನಾಡಿನ ಕಲ್ಲಡೈಕುರಿಚ್ಚಿಗೆ ಹೋಗಿ ಸುಬ್ಬಾ ಜಟಾಪಾಠಿಗಳೆಂಬ ಪಂಡಿತರ ಬಳಿ ವರ್ಷಗಟ್ಟಲೆ ಇದ್ದು ವೇದಾಂತವನ್ನೂ ತಮಿಳು ಶಾಸ್ತ್ರಗಳನ್ನೂ ಓದಿದರು. ಅಧಿಕಾರವಿಲ್ಲದವನಿಗೆ ಶಾಸ್ತ್ರವನ್ನು ಹೇಳಿಕೊಟ್ಟ ಆ ಬ್ರಾಹ್ಮಣ ಗುರುವನ್ನು ನಾವು ಸ್ಮರಿಸದೆ ಇರಬಾರದು.

ಅಲೆದಾಟದ ಆ ದಿನಗಳಲ್ಲಿ ಅವರು ಒಬ್ಬ ಕ್ರೈಸ್ತ ಪಾದ್ರಿಯ ಸಂಗಡ ಇದ್ದು ಕ್ರೈಸ್ತ ಮತವನ್ನೂ, ಒಬ್ಬ ವೃದ್ಧ ಮುಸಲ್ಮಾನರ ಬಳಿ ಕುಳಿತು ಕುರಾನನ್ನೂ ಅಭ್ಯಾಸ ಮಾಡಿದರೆಂದು ಹೇಳುತ್ತಾರೆ. ಅವರು ಬೈಬಲನ್ನು ಮೊದಲು ತಿಳಿದದ್ದು ಅದನ್ನು ನಂಬಿದವರ ಬಾಯಿಂದ, ಅವರ ಮನೆಯಲ್ಲಿ ಕುಳಿತು. ಖಂಡಿಸುವ ಯೋಚನೆ ಬಂದದ್ದು ಬಹಳ ಅನಂತರ.

ಆ ಕಾಲದ ಸ್ಥಿತಿಯನ್ನು ಸ್ವಲ್ಪ ಹೇಳಬೇಕು. ಬೈಬಲ್ಲಿನ ನಾಲ್ಕು ಸುವಾರ್ತೆಗಳು 1811ರಲ್ಲಿಯೇ ಮಲಯಾಳದಲ್ಲಿ ಅಚ್ಚಾಗಿದ್ದವು. ಬಳಿಕ ಕೋಟ್ಟಯಂನಲ್ಲಿ ಬೆಂಜಮಿನ್ ಬೈಲಿ ಎಂಬ ಪಾದ್ರಿ 1829ರಲ್ಲಿ ಹೊಸ ಒಡಂಬಡಿಕೆಯನ್ನು ಮುದ್ರಿಸಿದರು. ಕೆಲವು ವರ್ಷಗಳಲ್ಲಿ ಇಡೀ ಬೈಬಲ್ ಬಂತು. ನಮ್ಮ ಕನ್ನಡದಲ್ಲಿಯೂ ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮುಂತಾದ ಪಾದ್ರಿಗಳ ಪ್ರಯತ್ನದಿಂದ ಅದೇ ಶತಮಾನದ ಮೊದಲರ್ಧದಲ್ಲಿ ಬೈಬಲ್ ಬಂದದ್ದನ್ನು ನೀವು ಬಲ್ಲಿರಿ. ಹೀಗೆ ಗ್ರಂಥವು ಜನರ ಭಾಷೆಯಲ್ಲಿ, ಅಗ್ಗದ ಬೆಲೆಗೆ, ಓದಬಲ್ಲವರೆಲ್ಲರ ಕೈಗೆ ಬಂತು. ಓದು ಬಂದಲ್ಲಿ ಪ್ರಶ್ನೆಯೂ ಬರುವುದು ಸಹಜವೇ.

ದೇವಸ್ಥಾನಗಳ ಜಾತ್ರೆಗಳಲ್ಲಿ ಪ್ರಚಾರಕರು ನಿಂತು ಹಿಂದೂ ದೇವತೆಗಳನ್ನು ಜರೆದು ಮಾತನಾಡುವುದು ಸಾಮಾನ್ಯವಾಗಿತ್ತು. ಕೇಳಿದವರಿಗೆ ನೋವಾಗುತ್ತಿತ್ತು, ಉತ್ತರ ಹೇಳುವವರಿರಲಿಲ್ಲ. ಆದರೆ ಇನ್ನೊಂದು ಪಕ್ಕವನ್ನೂ ನಾವು ನೋಡಬೇಕು. ತಿರುವಾಂಕೂರಿನಲ್ಲಿ ಗುಲಾಮಗಿರಿಯು ಕಾಯಿದೆಯಿಂದ ರದ್ದಾದದ್ದೇ 1855ರಲ್ಲಿ. ದೇವಸ್ಥಾನದ ಬಾಗಿಲಿರಲಿ, ಅದರ ಮುಂದಣ ಬೀದಿಯೂ ಎಷ್ಟೋ ಜನರಿಗೆ ನಿಷಿದ್ಧವಾಗಿತ್ತು. ಅಂಥವರ ಮಕ್ಕಳನ್ನು ಬೆಂಚಿನ ಮೇಲೆ ಕೂರಿಸಿ ಅಕ್ಷರ ಕಲಿಸಿದವರಲ್ಲಿ ಪಾದ್ರಿಗಳು ಮುಂದಾಗಿದ್ದರು. ಇದನ್ನು ಮುಚ್ಚಿಟ್ಟು ಮತಾಂತರದ ಕಥೆಯನ್ನು ಹೇಳುವುದು ಸತ್ಯವಾಗಲಾರದು.

ಇಂಥ ಕಾಲದಲ್ಲಿ, 1890ರಲ್ಲಿ, ಷಣ್ಮುಖದಾಸನೆಂಬ ಅಂಕಿತದಿಂದ ಕ್ರಿಸ್ತುಮತಚ್ಛೇದನಂ ಎಂಬ ಮಲಯಾಳ ಪುಸ್ತಕವು ಹೊರಬಂತು. ಬರೆದವರು ಚಟ್ಟಂಬಿ ಸ್ವಾಮಿಗಳು. ಏಟ್ಟುಮಾನೂರು ಮೊದಲಾದ ಕಡೆಗಳ ಜಾತ್ರೆಗಳಲ್ಲಿ ಈ ವಾದವನ್ನು ಜನರ ಮುಂದೆ ಹೇಳಲು ಅವರು ಶಿಷ್ಯರನ್ನೂ ತರಬೇತು ಮಾಡಿದರು. ಹೆಸರು ಕೇಳಿದರೆ ಕತ್ತಿ ಝಳಪಿಸಿದಂತಿದೆ. ಆದರೂ ಪುಸ್ತಕದ ರಚನೆಯನ್ನು ಗಮನಿಸಿ: ಅದರಲ್ಲಿ ಎರಡು ಭಾಗಗಳು. ಮೊದಲನೆಯದು ಕ್ರೈಸ್ತ ಮತದ ಸಾರ. ಸೃಷ್ಟಿ, ಆದಾಮನ ಪತನ, ಯೇಸುವಿನ ಜನನ, ಮರಣ, ಪುನರುತ್ಥಾನ, ರಕ್ಷಣೆ, ಇವನ್ನು ಆ ಮತದವರು ಹೇಗೆ ನಂಬುತ್ತಾರೆಯೋ ಹಾಗೆ ಮೊದಲು ನಿರೂಪಿಸುತ್ತಾರೆ. ಅದಾದ ಬಳಿಕವೇ ಖಂಡನೆ. ಎದುರಾಳಿಯ ಮಾತನ್ನು ಪೂರ್ವಪಕ್ಷವಾಗಿ ನಿಲ್ಲಿಸದೆ ಸಿದ್ಧಾಂತವನ್ನು ಹೇಳಬಾರದೆಂಬುದು ನಮ್ಮ ಶಾಸ್ತ್ರಕಾರರ ಹಳೆಯ ಪದ್ಧತಿ. ಸುಬ್ಬಾ ಜಟಾಪಾಠಿಗಳ ಶಿಷ್ಯನು ಅದನ್ನು ಮರೆಯಲಿಲ್ಲ.

ಖಂಡನೆಯಲ್ಲಿ ಅವರು ಕೇಳುವ ಪ್ರಶ್ನೆಗಳು ತರ್ಕದವು. ಪರಿಪೂರ್ಣನಾದ ದೇವರಿಗೆ ಸೃಷ್ಟಿಯಿಂದ ಆಗಬೇಕಾದದ್ದೇನು? ಎಲ್ಲವನ್ನೂ ಮೊದಲೇ ಬಲ್ಲವನು ಆದಾಮನು ತಪ್ಪುವನೆಂದು ಅರಿಯದೆ ಹೋದನೇ? ಒಬ್ಬನ ಪಾಪವು ಹುಟ್ಟದಿರುವ ಸಂತತಿಗೆ ಅಂಟುವುದು ನ್ಯಾಯವೇ? ಗ್ರಂಥದ ಒಂದು ಕಡೆಯ ಮಾತಿಗೆ ಇನ್ನೊಂದು ಕಡೆಯ ಮಾತು ಹೊಂದುವುದೇ?

ಈ ಕೊನೆಯ ಪ್ರಶ್ನೆಯು ನಮ್ಮ ಒಂಬತ್ತನೆಯ ತರಗತಿಯ ಪ್ರಶ್ನೆಯೇ. ಇದು ಕ್ರೈಸ್ತರಿಗೆ ಹೊಸದಲ್ಲ. ಕ್ರಿಸ್ತಶಕ 170ರ ಸುಮಾರಿಗೆ ತಾತಿಯಾನನೆಂಬವನು ನಾಲ್ಕು ಸುವಾರ್ತೆಗಳನ್ನು ಒಂದೇ ಕಥೆಯಾಗಿ ಹೆಣೆದನು. ಸಿರಿಯಾದ ಸಭೆಗಳಲ್ಲಿ ಅದನ್ನು ಬಹುಕಾಲ ಓದುತ್ತಿದ್ದರು. ಮೂರನೆಯ ಶತಮಾನದಲ್ಲಿ ಜೂಲಿಯಸ್ ಆಫ್ರಿಕಾನಸನು ಯೋಸೇಫನ ಇಬ್ಬರು ತಂದೆಯರ ಪ್ರಶ್ನೆಗೆ ಉತ್ತರವನ್ನು ಬರೆದನು: ಮಕ್ಕಳಿಲ್ಲದೆ ಸತ್ತ ಅಣ್ಣನ ಹೆಂಡತಿಯನ್ನು ತಮ್ಮನು ವರಿಸಿದರೆ ಹುಟ್ಟಿದ ಮಗನು ಧರ್ಮದಿಂದ ಅಣ್ಣನಿಗೂ ಜನ್ಮದಿಂದ ತಮ್ಮನಿಗೂ ಮಗನಾಗುವನು, ಇದು ಯೆಹೂದ್ಯರ ಪದ್ಧತಿ ಎಂದು. ಸುಮಾರು 400ರಲ್ಲಿ ಆಗಸ್ಟೀನನು ಸುವಾರ್ತೆಗಳ ಸಾಮರಸ್ಯಕ್ಕಾಗಿಯೇ ಒಂದು ಗ್ರಂಥವನ್ನು ಬರೆದನು. ಇತ್ತೀಚಿನ ಅನೇಕ ಕ್ರೈಸ್ತ ವಿದ್ವಾಂಸರು, ನಾಲ್ವರು ನಾಲ್ಕು ಉದ್ದೇಶಗಳಿಂದ ಬರೆದಾಗ ವಿವರಗಳು ಬೇರೆಯಾಗುವುದು ಸಹಜ, ವಂಶಾವಳಿಯ ಭೇದವನ್ನು ಭೇದವೆಂದೇ ಒಪ್ಪಬಹುದು ಎನ್ನುತ್ತಾರೆ. ಒಂದಕ್ಷರವೂ ತಪ್ಪಿಲ್ಲವೆನ್ನುವವರೂ ಇದ್ದಾರೆ. ಈ ಉತ್ತರಗಳು ಎಲ್ಲರಿಗೂ ಒಪ್ಪಿಗೆಯಾಗಬೇಕೆಂದಿಲ್ಲ. ನನಗಂತೂ ಆಫ್ರಿಕಾನಸನ ವಿವರಣೆ ಜಾಣತನದ್ದೆಂದು ತೋರುತ್ತದೆಯೇ ಹೊರತು ಸಿದ್ಧವಾದುದೆಂದು ತೋರುವುದಿಲ್ಲ. ಆದರೆ ಪ್ರಶ್ನೆ ಕೇಳಿದವನೇ ಮೊದಲಿಗನು ಎಂದುಕೊಂಡ ನಮ್ಮ ಹುಡುಗನಿಗೂ, ಪ್ರಶ್ನೆಯೇ ಅವಮಾನವೆಂದುಕೊಂಡ ಅವನ ಮಿತ್ರನಿಗೂ ಇದು ತಿಳಿದಿದ್ದರೆ ಕೈ ಮಾಡುವ ಪ್ರಸಂಗ ಬರುತ್ತಿರಲಿಲ್ಲ.

ಸ್ವಾಮಿಗಳ ಪುಸ್ತಕದ ಬಗೆಗೆ ನನ್ನ ಅಭಿಪ್ರಾಯವನ್ನೂ ಹೇಳಿಬಿಡುತ್ತೇನೆ. ಮೊದಲ ಭಾಗದಲ್ಲಿರುವ ಸಂಯಮವು ಎರಡನೆಯದರಲ್ಲಿ ಎಲ್ಲ ಕಡೆಯೂ ಉಳಿದಿಲ್ಲ. ಮಾತು ಹರಿತವಾಗಿದೆ, ನಂಬುವವನ ಎದೆಗೆ ನಾಟುವಂತಿದೆ. ಜಾತ್ರೆಯಲ್ಲಿ ಕೇಳಿದ ನಿಂದೆಗೆ ಪ್ರತಿಯಾಗಿ ಹುಟ್ಟಿದ ಪುಸ್ತಕಕ್ಕೆ ಆ ಜಾತ್ರೆಯ ಬಿಸಿಲು ತಗಲಿದೆ.

ಆದರೆ ಅವರನ್ನು ಒಂದು ಮತದ ವೈರಿಯೆಂದು ತಿಳಿದರೆ ಅದು ಅನ್ಯಾಯ. ಬೈಬಲ್ಲಿಗೆ ಹಿಡಿದ ಒರೆಗಲ್ಲನ್ನೇ ಅವರು ತಮ್ಮವರ ಗ್ರಂಥಗಳಿಗೂ ಹಿಡಿದರು. ವೇದಾಧಿಕಾರನಿರೂಪಣಂ ಎಂಬ ಕೃತಿಯಲ್ಲಿ, ವೇದವು ಬ್ರಾಹ್ಮಣರಿಗೆ ಮಾತ್ರವೆಂಬುದಕ್ಕೆ ವೇದದಲ್ಲಿಯೇ ಆಧಾರವಿಲ್ಲವೆಂದು, ಶೂದ್ರರಿಗೂ ಸ್ತ್ರೀಯರಿಗೂ ಅಧಿಕಾರವಿದೆಯೆಂದು ಸಾಧಿಸಿದರು. ಪ್ರಾಚೀನಮಲಯಾಳಂ ಎಂಬ ಕೃತಿಯಲ್ಲಿ, ಪರಶುರಾಮನು ಕೊಡಲಿಯನ್ನೆಸೆದು ಕೇರಳವನ್ನು ಸಮುದ್ರದಿಂದ ಎತ್ತಿ ಬ್ರಾಹ್ಮಣರಿಗೆ ದಾನಕೊಟ್ಟನೆಂಬ ಐತಿಹ್ಯವನ್ನು ಕೈಗೆತ್ತಿಕೊಂಡು, ಆ ಕಥೆಯ ಪಾಠಗಳು ಒಂದಕ್ಕೊಂದು ಹೇಗೆ ಹೊಂದುವುದಿಲ್ಲವೆಂದು ತೋರಿಸಿ, ನೆಲದ ಒಡೆತನಕ್ಕೆ ಅದು ಸಾಕ್ಷಿಯಾಗಲಾರದೆಂದರು. ಈ ಕಥೆ ನಮ್ಮ ತುಳುನಾಡಿಗೂ ಸೇರಿದ್ದು. ಇದನ್ನು ಕೇಳಿ ಕೋಪಗೊಳ್ಳಬೇಕಾದವರು ಪಾದ್ರಿಗಳಲ್ಲ, ದೇವಸ್ಥಾನಗಳ ಒಡೆಯರು.

ಅವರ ಗೆಳೆತನಗಳನ್ನು ಹೇಳದೆ ಚರಿತ್ರೆ ಪೂರ್ಣವಾಗದು. 1882ರ ಸುಮಾರಿಗೆ ಅಣಿಯೂರು ದೇವಸ್ಥಾನದಲ್ಲಿ ನಾಣು ಆಶಾನ್ ಎಂಬ ತರುಣನ ಪರಿಚಯವಾಯಿತು. ಇಬ್ಬರೂ ಸೇರಿ ಬಹುಕಾಲ ಅಲೆದರು. ಆ ತರುಣನೇ 1888ರಲ್ಲಿ ಅರುವಿಪ್ಪುರದಲ್ಲಿ ಶಿವನನ್ನು ಪ್ರತಿಷ್ಠಾಪಿಸಿದ ಶ್ರೀ ನಾರಾಯಣಗುರು. ಇವರಲ್ಲಿ ಗುರುವಾರು, ಶಿಷ್ಯನಾರು, ಅಥವಾ ಸಹಪಾಠಿಗಳೋ ಎಂದು ಅನುಯಾಯಿಗಳು ಇಂದಿಗೂ ವಾದಿಸುತ್ತಾರೆ. ಅವರಿಬ್ಬರು ಮಾತ್ರ ಆ ವಾದಕ್ಕೆ ಇಳಿದಂತೆ ಕಾಣೆ. 1892ರ ಕೊನೆಯಲ್ಲಿ ಸ್ವಾಮಿ ವಿವೇಕಾನಂದರು ಎರ್ನಾಕುಲಕ್ಕೆ ಬಂದಾಗ ಚಟ್ಟಂಬಿ ಸ್ವಾಮಿಗಳನ್ನು ಕಂಡು, ಹೆಬ್ಬೆರಳನ್ನೂ ತೋರುಬೆರಳನ್ನೂ ಸೇರಿಸುವ ಚಿನ್ಮುದ್ರೆಯ ಅರ್ಥವನ್ನು ಕೇಳಿ ತಿಳಿದು ಸಂತೋಷಪಟ್ಟರು.

ಕಾವಿಯನ್ನುಡದೆ, ಮಠವನ್ನು ಕಟ್ಟದೆ, ಬಿಳಿಯ ಬಟ್ಟೆಯಲ್ಲಿ ಊರಿಂದೂರಿಗೆ ನಡೆಯುತ್ತಿದ್ದ ಸ್ವಾಮಿಗಳು ಸಂಗೀತದಲ್ಲಿಯೂ ವಾದ್ಯಗಳಲ್ಲಿಯೂ ನಿಪುಣರು. ಹಾವು, ನಾಯಿ, ಇರುವೆಗಳೂ ಅವರ ಮಾತು ಕೇಳುತ್ತಿದ್ದುವೆಂಬ ಕಥೆಗಳು ಬೇಕಾದಷ್ಟಿವೆ. ಅವನ್ನೆಲ್ಲ ನಂಬಬೇಕೆಂದು ನಾನು ಹೇಳಲಾರೆ. ಪ್ರಾಣಿಹಿಂಸೆಯ ವಿರುದ್ಧ ಅವರು ಜೀವಕಾರುಣ್ಯನಿರೂಪಣಂ ಎಂಬ ಪುಸ್ತಕವನ್ನು ಬರೆದದ್ದು ಮಾತ್ರ ನಿಜ. ಕಥೆಗಳು ಅಲ್ಲಿಂದ ಬೆಳೆದಿರಬಹುದು.

1924ನೆಯ ಮಾರ್ಚ್ 3 ಮತ್ತು 4ರಂದು, ಶಿವರಾತ್ರಿಯ ಕಾಲದಲ್ಲಿ, ನಮ್ಮ ಆಲುವದ ಅದ್ವೈತಾಶ್ರಮದಲ್ಲಿ ನಾರಾಯಣಗುರುಗಳು ಸರ್ವಮತ ಸಮ್ಮೇಳನವನ್ನು ಕೂಡಿಸಿದರು. ಮದರಾಸಿನ ಹೈಕೋರ್ಟಿನ ನ್ಯಾಯಾಧೀಶರಾಗಿದ್ದ ಸದಾಶಿವ ಅಯ್ಯರ್ ಅಧ್ಯಕ್ಷರು. ಕ್ರೈಸ್ತ, ಇಸ್ಲಾಂ, ಬೌದ್ಧ, ಆರ್ಯಸಮಾಜ, ಬ್ರಹ್ಮಸಮಾಜಗಳ ಪ್ರತಿನಿಧಿಗಳು ತಮ್ಮ ತಮ್ಮ ಮತವನ್ನು ತಾವೇ ವಿವರಿಸಿದರು. ವಾದಿಸಿ ಗೆಲ್ಲುವ ಸಭೆ ಇದಲ್ಲ, ತಿಳಿಯುವ ಮತ್ತು ತಿಳಿಸುವ ಸಭೆ ಎಂಬ ಅರ್ಥದ ಫಲಕವನ್ನು ಅಲ್ಲಿ ತೂಗುಹಾಕಿದ್ದರು. ಹಳೆಯ ಮಿತ್ರನು ಚ್ಛೇದನವನ್ನು ಬರೆದು ಮೂವತ್ತನಾಲ್ಕು ವರ್ಷಗಳಾಗಿದ್ದವು. ಆ ಪುಸ್ತಕದ ಮೊದಲ ಭಾಗದಲ್ಲಿ ಸ್ವಾಮಿಗಳು ಒಬ್ಬರೇ ಮಾಡಿದ್ದ ಕೆಲಸವನ್ನು ಈ ಸಭೆಯಲ್ಲಿ ಎಲ್ಲರೂ ಸೇರಿ ಮಾಡಿದರೆಂದು ನಾನು ಭಾವಿಸುತ್ತೇನೆ. ಎರಡನೆಯ ಭಾಗವನ್ನು ಗುರುಗಳು ಕೈಬಿಟ್ಟರು.

ನಮ್ಮ ಇಬ್ಬರು ಹುಡುಗರಿಗೆ ಅದೇ ಸಮ್ಮೇಳನದ ಕ್ರಮದಲ್ಲಿ ಒಂದು ಪ್ರಬಂಧ ಬರೆಯಲು ಹೇಳಿದೆ. ಆದರೆ ಪಕ್ಷವನ್ನು ಅದಲುಬದಲು ಮಾಡಿ. ಪ್ರಶ್ನೆ ಕೇಳಿದವನು ಬೈಬಲ್ಲಿನ ಪರವಾಗಿ ಬರೆಯಬೇಕು, ಉತ್ತರ ತಿಳಿಯದವನು ಪ್ರಶ್ನೆಗಳನ್ನು ಕೂಡಿಸಬೇಕು. ಎರಡನೆಯವನ ಪ್ರಶ್ನೆಗಳೇ ಹೆಚ್ಚು ಕಠಿಣವಾಗಿದ್ದವು. ಮನೆಯಲ್ಲಿ ಪುಸ್ತಕವನ್ನು ದಿನವೂ ಓದುವವನು ಅವನೇ ಅಲ್ಲವೇ! ಒಬ್ಬನ ಪುಸ್ತಕವನ್ನು ಇನ್ನೊಬ್ಬನು ಕೇಳಿ ಪಡೆಯಬೇಕಾಗಿ ಬಂದದ್ದರಿಂದ ಮಾತೂ ಆರಂಭವಾಯಿತು.

ಸಮ್ಮೇಳನವಾದ ಎರಡು ತಿಂಗಳಿಗೆ, 1924ನೆಯ ಮೇ 5ರಂದು, ಕೊಲ್ಲಂ ಸಮೀಪದ ಪನ್ಮನದಲ್ಲಿ ಚಟ್ಟಂಬಿ ಸ್ವಾಮಿಗಳು ಸಮಾಧಿಸ್ಥರಾದರು. ಆಗ ಅವರಿಗೆ ಎಪ್ಪತ್ತು ವರ್ಷ ದಾಟಿತ್ತು. ಸುದ್ದಿ ತಿಳಿದ ನಾರಾಯಣಗುರುಗಳು ಮಿತ್ರನ ಸ್ಮರಣೆಗಾಗಿ ಸಂಸ್ಕೃತದಲ್ಲಿ ಶ್ಲೋಕ ರಚಿಸಿದರು. ಆಲುವದಿಂದ ದಕ್ಷಿಣಕ್ಕೆ ರೈಲಿನಲ್ಲಿ ಹೋಗಿ ಕರುನಾಗಪ್ಪಳ್ಳಿಯಲ್ಲಿ ಇಳಿದರೆ ಪನ್ಮನ ದೂರವಿಲ್ಲ. ಕಳೆದ ಬೇಸಗೆಯ ರಜೆಯಲ್ಲಿ ನಾನು ಅಲ್ಲಿಗೆ ಹೋಗಿದ್ದೆ. ಆಶ್ರಮದ ಅಂಗಳದಲ್ಲಿ ಮರಗಳ ನೆರಳು ತಂಪಾಗಿತ್ತು. ಸಮಾಧಿಯ ಬಳಿ ಒಂದು ನಾಯಿ ಮಲಗಿ ನಿದ್ರಿಸುತ್ತಿತ್ತು, ಅದನ್ನು ಯಾರೂ ಎಬ್ಬಿಸಲಿಲ್ಲ.