ಕ್ರಿಶ್ಚಿಯನ್ ಡಾಪ್ಲರ್: ಸರ್ವಿನ ವೇಗದ ಹಿಂದಿರುವ ಗಣಿತಜ್ಞ

ಕುವೈತಿನ ಸಲ್ವಾದಲ್ಲಿ ಬೇಸಿಗೆಯ ಟೆನಿಸ್ ಶುರುವಾಗುವುದು ಹೊತ್ತು ಮುಳುಗಿದ ಮೇಲೆ. ದಿನವಿಡೀ ಕಚೇರಿಯಲ್ಲಿ ದುಡಿದು ಬಂದವರು ದೀಪದ ಬೆಳಕಿನಲ್ಲಿ ಒಂದೆರಡು ಸೆಟ್ ಆಡುತ್ತಾರೆ. ನಡುವೆ ದಣಿವಾರಿಸಿಕೊಳ್ಳುವಾಗ, ತನ್ನ ಸರ್ವಿನ ವೇಗ ಎಷ್ಟಿದ್ದೀತು ಎಂದು ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಟೀವಿಯಲ್ಲಿ ಗಂಟೆಗೆ 200 ಕಿಲೋಮೀಟರ್ ದಾಟುವ ಅಂಕಿಗಳನ್ನು ಕಂಡವರಿಗೆ ತಮ್ಮದೂ 160 ಆದರೂ ಇದ್ದೀತು ಎನ್ನಿಸುವುದು ಸಹಜ. ಅಳೆದು ನೋಡಿದಾಗ ಆ ಅಂದಾಜು ಸಾಮಾನ್ಯವಾಗಿ ಕೆಳಗಿಳಿಯುತ್ತದೆ. ಹಾಗೆ ಅಳೆಯುವ ರಾಡಾರಿನ ಮೂಲನಿಯಮವನ್ನು ಕಂಡವನು ಈ ಆಟವನ್ನೇ ಕಂಡಿರಲಿಲ್ಲ. ಲಾನ್ ಟೆನಿಸ್‌ಗೆ ಇಂಗ್ಲೆಂಡಿನಲ್ಲಿ ಪೇಟೆಂಟ್ ದೊರೆತದ್ದು 1874ರಲ್ಲಿ. ಕ್ರಿಶ್ಚಿಯನ್ ಡಾಪ್ಲರ್ ಅದಕ್ಕೆ 21 ವರ್ಷ ಮೊದಲೇ ತೀರಿಕೊಂಡಿದ್ದ.

ಡಾಪ್ಲರ್ ಹುಟ್ಟಿದ್ದು 1803ರ ನವೆಂಬರ್ 29ರಂದು, ಆಸ್ಟ್ರಿಯಾದ ಸಾಲ್ಸ್‌ಬರ್ಗ್ ನಗರದಲ್ಲಿ. ಅವನದು ತಲೆಮಾರುಗಳಿಂದ ಕಲ್ಲುಕೆಲಸ ಮಾಡಿಕೊಂಡು ಬಂದ ಅನುಕೂಲಸ್ಥ ಮನೆತನ. ಹುಡುಗನ ಮೈಕಟ್ಟು ದುರ್ಬಲವಾಗಿದ್ದುದರಿಂದ ಉಳಿ ಸುತ್ತಿಗೆ ಹಿಡಿಯುವುದು ಅವನಿಂದಾಗಲಿಲ್ಲ. ಅವನ ಗಣಿತದ ಚುರುಕನ್ನು ಗುರುತಿಸಿದ ಸೈಮನ್ ಸ್ಟ್ಯಾಂಪ್ಫರ್ ಎಂಬ ಅಧ್ಯಾಪಕನ ಸಲಹೆಯಂತೆ, 1822ರಲ್ಲಿ ಅವನನ್ನು ವಿಯೆನ್ನಾದ ಪಾಲಿಟೆಕ್ನಿಕ್‌ಗೆ ಕಳುಹಿಸಲಾಯಿತು. ಓದು ಮುಗಿದ ಮೇಲೆ ಅಲ್ಲಿಯೇ ನಾಲ್ಕು ವರ್ಷ ಸಹಾಯಕನಾಗಿದ್ದ. ಆ ಅವಧಿ ಮುಗಿದದ್ದೇ ತಡ, ಕೆಲಸವಿಲ್ಲದಾಯಿತು. ಹಲವೆಡೆ ಅರ್ಜಿ ಹಾಕಿ ಕಾಯುತ್ತ, ಹತ್ತಿ ನೂಲಿನ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವ ಗುಮಾಸ್ತನಾಗಿ ಕಾಲ ಕಳೆದ.

1835ರ ಹೊತ್ತಿಗೆ ಸ್ವದೇಶದಲ್ಲಿ ತನಗೆ ಅನ್ನವಿಲ್ಲವೆಂದು ನಿರ್ಧರಿಸಿ, ಇದ್ದಬದ್ದ ಸಾಮಾನುಗಳನ್ನು ಮಾರಿ ಅಮೆರಿಕೆಗೆ ಹೊರಡಲು ಸಿದ್ಧನಾದ. ಹೊರಡುವ ಹಂತದಲ್ಲಿ ಪ್ರಾಗ್ ನಗರದ ಶಾಲೆಯೊಂದರಿಂದ ಕರೆ ಬಂತು. ಹಡಗು ಹತ್ತದೆ ಉಳಿದ ಡಾಪ್ಲರ್, ಮರುವರ್ಷ ಮಥಿಲ್ಡೆ ಸ್ಟರ್ಮ್ ಎಂಬಾಕೆಯನ್ನು ಮದುವೆಯಾದ. ಅವರಿಗೆ ಐವರು ಮಕ್ಕಳು. ಉದ್ಯೋಗಕ್ಕಾಗಿ ಊರು ಬಿಟ್ಟವರಿಗೆ ಈ ಕಥೆಯ ತಿರುವು ಹೊಸದೆನ್ನಿಸಲಾರದು. ಒಂದು ಪತ್ರ ತುಸು ಮೊದಲು ಅಥವಾ ತುಸು ತಡವಾಗಿ ಬಂದಿದ್ದರೆ ಬದುಕೇ ಬೇರೆಯಾಗುತ್ತಿತ್ತು ಎಂಬುದನ್ನು ಅವರು ಬಲ್ಲರು.

ಪ್ರಾಗ್‌ನ ತಾಂತ್ರಿಕ ವಿದ್ಯಾಲಯದಲ್ಲಿ ಪ್ರಾಧ್ಯಾಪಕನಾದ ಮೇಲೆ, ನೂರಾರು ವಿದ್ಯಾರ್ಥಿಗಳ ಪರೀಕ್ಷೆ ನಡೆಸುವ ಹೊರೆ ಅವನ ಆರೋಗ್ಯವನ್ನು ಹಿಂಡಿತು. ಅದರ ನಡುವೆಯೇ 1842ರ ಮೇ 25ರಂದು, ಬೊಹೆಮಿಯಾದ ರಾಜಮನ್ನಣೆಯ ವಿಜ್ಞಾನ ಸಂಘದಲ್ಲಿ, ಬೆರಳೆಣಿಕೆಯ ಜನರ ಮುಂದೆ ಅವನು ಒಂದು ಪ್ರಬಂಧ ಓದಿದ. ವಿಷಯ ಜೋಡಿ ನಕ್ಷತ್ರಗಳ ಬಣ್ಣ. ತರಂಗದ ಮೂಲವು ನಮ್ಮತ್ತ ಬರುತ್ತಿದ್ದರೆ ಅಲೆಗಳು ಒತ್ತೊತ್ತಾಗಿ ಬಂದು ಆವೃತ್ತಿ ಏರುತ್ತದೆ. ದೂರ ಸರಿಯುತ್ತಿದ್ದರೆ ಆವೃತ್ತಿ ಇಳಿಯುತ್ತದೆ. ಇದು ಅವನ ವಾದದ ತಿರುಳು. ನಕ್ಷತ್ರಗಳ ಬಣ್ಣಕ್ಕೆ ಅವುಗಳ ಚಲನೆಯೇ ಕಾರಣವೆಂದು ಆತ ಭಾವಿಸಿದ್ದು ತಪ್ಪಾಗಿತ್ತು; ಆ ಬಣ್ಣಕ್ಕೆ ಮುಖ್ಯ ಕಾರಣ ಅವುಗಳ ಉಷ್ಣತೆ. ಆದರೆ ನಿಯಮ ಸರಿಯಾಗಿತ್ತು.

ಅದನ್ನು ಅಳೆದು ನೋಡುವ ಸಾಧನ ಅವನ ಬಳಿ ಇರಲಿಲ್ಲ. 1845ರಲ್ಲಿ ಡಚ್ ವಿಜ್ಞಾನಿ ಬೈಸ್ ಬ್ಯಾಲೊ, ಯುಟ್ರೆಕ್ಟ್ ಬಳಿಯ ರೈಲುಮಾರ್ಗದಲ್ಲಿ ಕಹಳೆ ಊದುವವರನ್ನು ರೈಲಿನಲ್ಲಿ ಕೂರಿಸಿ, ಸ್ವರಜ್ಞಾನವುಳ್ಳ ಸಂಗೀತಗಾರರನ್ನು ಹಳಿಯ ಪಕ್ಕದಲ್ಲಿ ನಿಲ್ಲಿಸಿದ. ಡಾಪ್ಲರನ ವಾದವನ್ನು ಸಂಶಯಿಸಿಯೇ ಹೊರಟ ಪ್ರಯೋಗವದು. ರೈಲು ಹತ್ತಿರ ಬರುವಾಗ ಸ್ವರ ಏರಿತು, ದಾಟಿ ಹೋದಾಗ ಇಳಿಯಿತು. ಶಬ್ದದ ಮಟ್ಟಿಗೆ ನಿಯಮ ದೃಢಪಟ್ಟಿತು.

ಇಂದಿನ ಸ್ಪೀಡ್ ಗನ್ ಅದೇ ಕೆಲಸವನ್ನು ಸೂಕ್ಷ್ಮತರಂಗಗಳಿಂದ ಮಾಡುತ್ತದೆ. ಉಪಕರಣ ಕಳುಹಿಸಿದ ಅಲೆ ಚೆಂಡಿಗೆ ತಾಗಿ ಮರಳುವಾಗ ಅದರ ಆವೃತ್ತಿ ಬದಲಾಗಿರುತ್ತದೆ. ತಾಗುವಾಗ ಒಮ್ಮೆ, ಮರಳುವಾಗ ಇನ್ನೊಮ್ಮೆ, ಹೀಗೆ ವ್ಯತ್ಯಾಸ ಇಮ್ಮಡಿ. 24 ಗಿಗಾಹರ್ಟ್ಸ್ ರಾಡಾರಿನ ಎದುರು 160 ಕಿ.ಮೀ. ವೇಗದ ಚೆಂಡು ಬಂದರೆ ವ್ಯತ್ಯಾಸ ಸುಮಾರು 7,100 ಹರ್ಟ್ಸ್. ಆದರೆ ನಿಯಮ ಹೇಳುವುದು ನೋಡುವವನತ್ತ ಬರುವ ವೇಗವನ್ನು ಮಾತ್ರ. ಉಪಕರಣವನ್ನು ಚೆಂಡಿನ ದಾರಿಗೆ 30 ಡಿಗ್ರಿ ಓರೆಯಾಗಿಟ್ಟರೆ ಅದೇ ಸರ್ವ್ 139 ಎಂದು ಕಾಣುತ್ತದೆ. 10 ಡಿಗ್ರಿ ಓರೆಯಾದರೆ 158ರ ಸಮೀಪ. ಆದ್ದರಿಂದ ಉಪಕರಣವನ್ನು ಸರ್ವ್ ಮಾಡುವವನ ಬೆನ್ನ ಹಿಂದೆ, ಚೆಂಡು ಹೋಗುವ ದಿಕ್ಕಿನ ನೇರಕ್ಕೇ ಇಡಬೇಕು. ಪಕ್ಕದ ಕೋರ್ಟಿನಲ್ಲಿ ಬೇರೆ ಕೋನದಿಂದ ಪಡೆದ ಅಂಕಿಯೊಡನೆ ನಮ್ಮದನ್ನು ಹೋಲಿಸುವುದರಲ್ಲಿ ಅರ್ಥವಿಲ್ಲ.

ರಾಡಾರ್ ಇಲ್ಲದವರಿಗೆ ಫೋನಿನ ಕ್ಯಾಮೆರಾ ಸಾಕು. ಬೇಸ್‌ಲೈನಿನಿಂದ ಎದುರಿನ ಸರ್ವಿಸ್ ಲೈನಿಗೆ 18.29 ಮೀಟರ್, ಓರೆಯನ್ನೂ ಸೇರಿಸಿ ಚೆಂಡಿನ ದಾರಿಯನ್ನು 18.5 ಮೀಟರ್ ಎನ್ನೋಣ. ರಾಕೆಟ್ ತಾಗಿದ ಕ್ಷಣದಿಂದ ಚೆಂಡು ನೆಲ ಮುಟ್ಟುವವರೆಗೆ 0.6 ಸೆಕೆಂಡ್ ಆದರೆ ಸರಾಸರಿ ವೇಗ ಗಂಟೆಗೆ 111 ಕಿ.ಮೀ. ಗಾಳಿಯ ತಡೆಯಿಂದ ಚೆಂಡು ದಾರಿಯುದ್ದಕ್ಕೂ ನಿಧಾನವಾಗುವುದರಿಂದ, ರಾಕೆಟ್ ಬಿಟ್ಟ ಕ್ಷಣದ ವೇಗ ಅದಕ್ಕಿಂತ ಸರಿಸುಮಾರು ಐದನೇ ಒಂದು ಪಾಲು ಹೆಚ್ಚು, ಅಂದರೆ 130ರ ಆಸುಪಾಸು. ಸೆಕೆಂಡಿಗೆ 30 ಚಿತ್ರಗಳ ವೀಡಿಯೊದಲ್ಲಿ ಒಂದು ಚಿತ್ರ ತಪ್ಪಿದರೆ ಶೇಕಡ 5ಕ್ಕೂ ಹೆಚ್ಚು ದೋಷ. 240 ಚಿತ್ರಗಳಲ್ಲಿ ಅದು ಶೇಕಡ 1ಕ್ಕಿಂತ ಕಡಿಮೆ. ಸದ್ದನ್ನು ನಂಬಿ ಎಣಿಸುವವರು ಎಚ್ಚರದಿಂದಿರಬೇಕು: ಸರ್ವ್ ಮಾಡುವವನ ಬಳಿ ಇಟ್ಟ ಫೋನಿಗೆ ಚೆಂಡು ಪುಟಿದ ಸದ್ದು ತಲುಪಲು 0.05 ಸೆಕೆಂಡ್ ಹೆಚ್ಚು ಬೇಕು.

ಊರಿನ ಗಾಳಿಯೂ ಲೆಕ್ಕಕ್ಕೆ ಬರುತ್ತದೆ. 45 ಡಿಗ್ರಿಯ ಗಾಳಿ 15 ಡಿಗ್ರಿಯದಕ್ಕಿಂತ ಸುಮಾರು ಹತ್ತನೇ ಒಂದು ಭಾಗ ತೆಳು. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಬೆಂಗಳೂರಿನ ಗಾಳಿಯೂ ಹೀಗೆಯೇ ತೆಳು. ಹೀಗಾಗಿ ಕಬ್ಬನ್ ಪಾರ್ಕಿನ ಕೋರ್ಟಿನಲ್ಲಿ ಆಡಿ ಬಂದವರಿಗೆ ಸಲ್ವಾದ ಚಳಿಗಾಲದಲ್ಲಿ ಚೆಂಡು ಭಾರವೆನ್ನಿಸಿದರೆ ತೋಳು ಸೋತಿತೆಂದು ತಿಳಿಯಬೇಕಿಲ್ಲ.

ಡಾಪ್ಲರನ ಕೊನೆಯ ವರ್ಷಗಳು ಗೌರವವನ್ನೂ ನೋವನ್ನೂ ಒಟ್ಟಿಗೆ ತಂದವು. 1847ರಲ್ಲಿ ಅವನು ಶೆಮ್ನಿಟ್ಸ್‌ನ ಗಣಿ ವಿದ್ಯಾಲಯಕ್ಕೆ ಹೋದ. 1850ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯದ ಭೌತವಿಜ್ಞಾನ ಸಂಸ್ಥೆಯ ಮೊದಲ ನಿರ್ದೇಶಕನಾದ. ಮುಂದೆ ಅನುವಂಶಿಕತೆಯ ನಿಯಮಗಳನ್ನು ಕಂಡ ಗ್ರೆಗರ್ ಮೆಂಡೆಲ್ ಅಲ್ಲಿ ಅವನ ವಿದ್ಯಾರ್ಥಿಯಾಗಿದ್ದ. 1852ರಲ್ಲಿ ಗಣಿತಜ್ಞ ಯೋಸೆಫ್ ಪೆಟ್ಸ್ವಾಲ್ ಈ ನಿಯಮದ ಮೇಲೆ ಬಹಿರಂಗವಾಗಿಯೇ ದಾಳಿ ಮಾಡಿದ. ಶ್ವಾಸಕೋಶದ ಕಾಯಿಲೆ ಉಲ್ಬಣಿಸಿದ್ದ ಡಾಪ್ಲರ್ ಬೆಚ್ಚನೆಯ ಹವೆಯನ್ನರಸಿ ವೆನಿಸ್‌ಗೆ ಹೋದ. 1853ರ ಮಾರ್ಚ್ 17ರಂದು, 49ನೆಯ ವಯಸ್ಸಿನಲ್ಲಿ, ಅಲ್ಲಿಯೇ ಕಣ್ಣುಮುಚ್ಚಿದ. ಬೆಳಕಿನಲ್ಲಿ ತನ್ನ ನಿಯಮ ಅಳತೆಗೆ ಸಿಕ್ಕಿದ್ದನ್ನು ನೋಡಲು ಅವನು ಉಳಿದಿರಲಿಲ್ಲ.

ಅಳತೆ ನೆಟ್ಟಗಿದ್ದರೆ ಮಾತ್ರ ಸುಧಾರಣೆ ಕಣ್ಣಿಗೆ ಬೀಳುತ್ತದೆ. ಸರ್ವಿನ ವೇಗ ತೋಳಿನ ಬಲದಿಂದಲೇ ಬರುವುದಲ್ಲ. ಮಂಡಿ ಬಗ್ಗಿಸಿ ನೆಲವನ್ನು ಒತ್ತಿದ ಬಲ ಸೊಂಟ, ಬೆನ್ನು, ಭುಜಗಳ ತಿರುವಿನ ಮೂಲಕ ಏರಿ ರಾಕೆಟ್ಟಿನ ತುದಿ ಸೇರಬೇಕು. ಹಿಡಿತ ಬಿಗಿಯಾದರೆ ಈ ಸರಪಳಿ ನಡುವೆಯೇ ತುಂಡಾಗುತ್ತದೆ. ಚೆಂಡನ್ನು ತುಸು ಮುಂದಕ್ಕೆ ಎಸೆದು, ಕೈ ಪೂರ್ತಿ ಚಾಚಿದ ಎತ್ತರದಲ್ಲಿ ಹೊಡೆಯುವುದು ಎರಡನೆಯ ಹೆಜ್ಜೆ. ನಡುವಯಸ್ಸಿನವರು ಭುಜವನ್ನು ಚೆನ್ನಾಗಿ ಸಡಿಲಿಸಿಕೊಂಡ ಮೇಲೆಯೇ ಜೋರಾಗಿ ಹೊಡೆಯಬೇಕು. ಒಂದೇ ಜಾಗದಲ್ಲಿ, ಒಂದೇ ಕೋನದಲ್ಲಿ ಉಪಕರಣವಿಟ್ಟು ಹತ್ತು ಸರ್ವ್ ಮಾಡಿ, ಅಂಕಣದೊಳಗೆ ಬಿದ್ದವುಗಳ ಸರಾಸರಿಯನ್ನಷ್ಟೇ ಬರೆದಿಟ್ಟುಕೊಳ್ಳಿ. ತಿಂಗಳಿಗೆ ಒಂದೇ ಒಂದು ಅಂಶವನ್ನು ಬದಲಿಸಿ, ಮತ್ತೆ ಅಳೆಯಿರಿ. ಹೊರಗೆ ಬಿದ್ದ ವೇಗದ ಸರ್ವ್ ಹರಟೆಗೆ ಒದಗೀತೇ ಹೊರತು ಆಟಕ್ಕಲ್ಲ. ಆರು ತಿಂಗಳಲ್ಲಿ ಆ ಸರಾಸರಿ 110ರಿಂದ 118ಕ್ಕೆ ಏರಿದರೆ, ಅದು ಊಹೆಯ 160ಕ್ಕಿಂತ ಬೆಲೆಯುಳ್ಳ ಅಂಕಿ.