ಸಿಂಹಗೀತೆಯ ಕರ್ತೃ ಸಾಲೊಮನ್ ಲಿಂಡ

ಗಾಂಧೀಜಿಯವರ ಆತ್ಮಕಥೆಯನ್ನು ಓದಿರುವ ನಮ್ಮ ವಿದ್ಯಾರ್ಥಿಗಳಿಗೆ ದಕ್ಷಿಣ ಆಫ್ರಿಕೆಯ ನೆಟಾಲ್ ಪ್ರಾಂತದ ಹೆಸರು ಹೊಸದಲ್ಲ. 1906ರಲ್ಲಿ ಅಲ್ಲಿ ಜುಲು ಜನರ ಬಂಡಾಯವಾದಾಗ ಗಾಯಾಳುಗಳ ಶುಶ್ರೂಷೆಗಾಗಿ ಅವರು ಒಂದು ತಂಡವನ್ನು ಕಟ್ಟಿಕೊಂಡು ಹೋಗಿದ್ದರು. ಅದಾದ ಮೂರು ವರ್ಷಗಳಿಗೆ, ಎಂದರೆ 1909ರಲ್ಲಿ, ಅದೇ ಪ್ರಾಂತದ ಮ್ಸಿಂಗ ಎಂಬ ಬಡ ಸೀಮೆಯ ಜುಲು ಕುಟುಂಬವೊಂದರಲ್ಲಿ ಸಾಲೊಮನ್ ಲಿಂಡನು ಜನಿಸಿದನು. 1994ರಲ್ಲಿ ತೆರೆಕಂಡ ಲಯನ್ ಕಿಂಗ್ ಎಂಬ ಚಿತ್ರವನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಅದರಲ್ಲಿ ಕಾಡುಹಂದಿಯೂ ಅದರ ಗೆಳೆಯನೂ ಹಾಡುವ, ಮಲಗಿದ ಸಿಂಹವನ್ನು ಕುರಿತ ಆ ರಾಗವು ಈತನದು.

ಲಿಂಡನು ಬಾಲ್ಯದಲ್ಲಿ ಊರಿನ ಇತರ ಹುಡುಗರಂತೆ ದನ ಕಾಯುತ್ತಿದ್ದನು. ಕ್ರೈಸ್ತ ಮಿಷನ್ನಿನ ಶಾಲೆಯಲ್ಲಿ ಪ್ರಾರ್ಥನಾಗೀತೆಗಳನ್ನು ಕಲಿತನು. ಮದುವೆ, ಔತಣಗಳಲ್ಲಿ ಗೆಳೆಯರೊಡನೆ ಹಾಡಿದನು. 1931ರಲ್ಲಿ ಹೊಟ್ಟೆಪಾಡಿಗಾಗಿ ಹಳ್ಳಿಯನ್ನು ತೊರೆದು, ಚಿನ್ನದ ಗಣಿಗಳ ನಗರವಾದ ಜೊಹಾನ್ಸ್‌ಬರ್ಗಿಗೆ ಬಂದನು. ಮೊದಲು ಒಂದು ಪೀಠೋಪಕರಣಗಳ ಅಂಗಡಿಯಲ್ಲಿಯೂ ಅನಂತರ ಕಾರ್ಲ್‌ಟನ್ ಎಂಬ ದೊಡ್ಡ ಹೋಟೆಲಿನಲ್ಲಿಯೂ ದುಡಿದನು. ಊರನ್ನು ಬಿಟ್ಟು ಬಂದು ಮುಂಬಯಿಯ ಹೋಟೆಲುಗಳಲ್ಲಿ ದುಡಿದ ಹಿರಿಯರು ನಿಮ್ಮಲ್ಲಿ ಎಷ್ಟೋ ಮಂದಿಯ ಮನೆಗಳಲ್ಲಿ ಇದ್ದಾರೆ. ಆದುದರಿಂದ ಆ ಜೀವನವನ್ನು ನಾವು ಇಲ್ಲಿ ಬಣ್ಣಿಸಬೇಕಾಗಿಲ್ಲ.

ಆ ನಗರದಲ್ಲಿ ಹಳ್ಳಿಗಳಿಂದ ಬಂದ ಜುಲು ಕೂಲಿಕಾರರು ದೊಡ್ಡ ದೊಡ್ಡ ವಸತಿಗೃಹಗಳಲ್ಲಿ ಒಟ್ಟಾಗಿ ವಾಸಿಸುತ್ತಿದ್ದರು. ವಾರವೆಲ್ಲ ದುಡಿದವರು ಶನಿವಾರ ರಾತ್ರಿ ತಂಡತಂಡಗಳಾಗಿ ಸೇರಿ, ಬೆಳಗಾಗುವವರೆಗೆ ಹಾಡುಗಾರಿಕೆಯ ಪಂದ್ಯಗಳನ್ನು ನಡೆಸುತ್ತಿದ್ದರು. ಲಿಂಡನ ತಂಡಕ್ಕೆ ‘ಈವನಿಂಗ್ ಬರ್ಡ್ಸ್’ ಎಂದು ಹೆಸರು. ಗೆರೆಗೆರೆಯ ಸೂಟು, ತಲೆಗೆ ಟೊಪ್ಪಿಗೆ, ಕಾಲಿಗೆ ಥಳಥಳಿಸುವ ಬೂಟು ಧರಿಸಿ ಇವರು ವೇದಿಕೆಯನ್ನೇರುತ್ತಿದ್ದರು. ವೇಷಕ್ಕಿಂತಲೂ ಗಮನಾರ್ಹವಾದುದು ಇವರ ಹಾಡುಗಾರಿಕೆಯ ಕ್ರಮ. ಮಂದ್ರಸ್ವರಕ್ಕೆ ಹಲವರನ್ನು ನಿಲ್ಲಿಸಿ ಲಿಂಡನು ಅದನ್ನು ನೆಲಗಟ್ಟಿನಂತೆ ಬಲಪಡಿಸಿದನು. ಅದರ ಮೇಲೆ ತನ್ನ ತಾರಸ್ವರವನ್ನು, ಹೆಣ್ಣಿನ ಕಂಠವೋ ಎಂಬಂತೆ, ಸ್ವಚ್ಛಂದವಾಗಿ ಹಾರಬಿಟ್ಟನು.

ಮುಂದೆ ಲಿಂಡನಿಗೆ ಗ್ಯಾಲೊ ಎಂಬ ಗ್ರಾಮಫೋನ್ ಕಂಪನಿಯಲ್ಲಿ ತಟ್ಟೆಗಳನ್ನು ಪೆಟ್ಟಿಗೆಗೆ ತುಂಬುವ ಕೆಲಸ ದೊರೆಯಿತು. ಈತನು ಹಾಡುಗಾರನೆಂಬುದನ್ನು ಅರಿತ ಕಂಪನಿಯವರು 1939ರಲ್ಲಿ ತಂಡವನ್ನು ಧ್ವನಿಮುದ್ರಣಕ್ಕೆ ಕರೆದರು. ಅಂದು ಹಾಡಿದವುಗಳಲ್ಲಿ ಒಂದು ‘ಂಬುಬೆ’. ಜುಲು ಭಾಷೆಯಲ್ಲಿ ಸಿಂಹವೆಂದು ಅರ್ಥ. ದನ ಕಾಯುವ ದಿನಗಳಲ್ಲಿ ಮಂದೆಯ ಮೇಲೆ ಬರುತ್ತಿದ್ದ ಸಿಂಹಗಳನ್ನು ಅಟ್ಟಿದ ನೆನಪಿನಿಂದ ಈ ಹಾಡು ಮೂಡಿತೆಂದು ಹೇಳುತ್ತಾರೆ. ಪದಗಳು ಬಹಳ ಕಡಮೆ. ತಂಡದವರು ಸಿಂಹವನ್ನು ಕೂಗುವ ಒಂದೇ ಮಾತನ್ನು ಮತ್ತೆ ಮತ್ತೆ ಹಾಡುತ್ತಿರುವರು, ಲಿಂಡನು ಮೇಲಿನ ಸ್ಥಾಯಿಯಲ್ಲಿ ಸಂಚರಿಸುತ್ತಿರುವನು. ಎರಡು ಸಲ ಹಾಡಿದುದು ಸರಿಹೋಗಲಿಲ್ಲ. ಮೂರನೆಯ ಸಲ ಹಾಡು ಮುಗಿಯುವ ಹೊತ್ತಿಗೆ, ಮೊದಲೇ ಯೋಚಿಸಿರದ ಒಂದು ಹೊಸ ಸ್ವರಪಂಕ್ತಿಯು ಲಿಂಡನ ಕಂಠದಿಂದ ಹೊರಬಿದ್ದಿತು. ಕೆಲವೇ ಕ್ಷಣಗಳ ಆ ಸ್ವರಪಂಕ್ತಿಯನ್ನು ನೀವು ನೆನಪಿನಲ್ಲಿಡಬೇಕು. ಮುಂದಿನ ಕಥೆಯೆಲ್ಲ ಅದರದೇ.

ತಟ್ಟೆಯು ಜನಪ್ರಿಯವಾಯಿತು. ಹತ್ತು ವರ್ಷಗಳೊಳಗೆ ಆಫ್ರಿಕದಲ್ಲಿ ಸುಮಾರು 1,00,000 ಪ್ರತಿಗಳು ಮಾರಾಟವಾದವೆಂದು ಲೆಕ್ಕ. ಆ ಬಗೆಯ ಹಾಡುಗಾರಿಕೆಗೇ ‘ಂಬುಬೆ’ ಎಂಬ ಹೆಸರು ಬಂದಿತು. ಆದರೆ 1952ರಲ್ಲಿ ಲಿಂಡನು ಹಾಡಿನ ಹಕ್ಕನ್ನು ಕಂಪನಿಗೆ ಬರೆದುಕೊಟ್ಟಾಗ ಆತನ ಕೈಸೇರಿದುದು ಹತ್ತು ಷಿಲಿಂಗು, ಆಗಿನ ನಮ್ಮ ಲೆಕ್ಕದಲ್ಲಿ ಆರು ರೂಪಾಯಿ ಹತ್ತಾಣೆಯಷ್ಟು ಹಣ.

ಅಷ್ಟರಲ್ಲಿ ಹಾಡು ಸಮುದ್ರವನ್ನು ದಾಟಿತ್ತು. ಗ್ಯಾಲೊ ಕಂಪನಿಯು ಅಮೆರಿಕಕ್ಕೆ ಕಳುಹಿಸಿದ್ದ ತಟ್ಟೆಗಳ ನಡುವೆ ಇದೂ ಇದ್ದಿತು. ಜಾನಪದ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ ಅದನ್ನು ಗಾಯಕ ಪೀಟ್ ಸೀಗರನ ಕೈಗಿತ್ತನು. ಸೀಗರನಿಗೆ ಜುಲು ಭಾಷೆ ತಿಳಿಯದು. ತಂಡವು ಸಿಂಹವನ್ನು ಕೂಗುವ ಮಾತು ಅವನ ಕಿವಿಗೆ ‘ವಿಮೊವೆ’ ಎಂದು ಕೇಳಿಸಿತು. ಯಾವ ಭಾಷೆಯಲ್ಲಿಯೂ ಅರ್ಥವಿಲ್ಲದ ಆ ಶಬ್ದವೇ ಹಾಡಿನ ಹೆಸರಾಯಿತು. 1951ರಲ್ಲಿ ಸೀಗರನ ‘ವೀವರ್ಸ್’ ತಂಡವು ಅದನ್ನು ಹಾಡಿತು. ಆ ಮುದ್ರಿಕೆಯ ಮೇಲೆ ರಚನೆಕಾರನ ಸ್ಥಾನದಲ್ಲಿ ಅಚ್ಚಾದುದು ಪಾಲ್ ಕ್ಯಾಂಪ್‌ಬೆಲ್ ಎಂಬ ಹೆಸರು. ಅಂತಹ ಮನುಷ್ಯನೇ ಇರಲಿಲ್ಲ; ಹಳೆಯ ಜನಪದ ಗೀತೆಗಳಿಂದ ಬರುವ ಗೌರವಧನಕ್ಕಾಗಿ ಆ ತಂಡದವರು ಇಟ್ಟುಕೊಂಡಿದ್ದ ಕಲ್ಪಿತನಾಮ ಅದು. ಜೊಹಾನ್ಸ್‌ಬರ್ಗಿನಲ್ಲಿ ಜೀವಂತವಾಗಿದ್ದವನ ಹಾಡು ಹೀಗೆ ಯಾರದೂ ಅಲ್ಲದ ಪುರಾತನ ಗೀತೆಗಳ ಸಾಲಿಗೆ ಸೇರಿತು. ನಿಜವಾದ ಕರ್ತೃವಾರೆಂದು ತಿಳಿದಾಗ ಸೀಗರನು ಲಿಂಡನಿಗೆ 1,000 ಡಾಲರುಗಳನ್ನು ಕಳುಹಿಸಿದನು ಎಂಬುದನ್ನೂ ನಾವು ಇಲ್ಲಿ ಹೇಳಬೇಕು.

1960ರಲ್ಲಿ ದಕ್ಷಿಣ ಆಫ್ರಿಕೆಯವಳೇ ಆದ ಮಿರಿಯಮ್ ಮಕೇಬಾ ಇದನ್ನು ಮೂಲದ ಹೆಸರಿನಲ್ಲಿಯೇ ಹಾಡಿದಳು. ಮರುವರ್ಷ ನ್ಯೂಯಾರ್ಕಿನ ತರುಣರ ‘ಟೋಕನ್ಸ್’ ತಂಡಕ್ಕಾಗಿ ಜಾರ್ಜ್ ವೈಸ್ ಎಂಬ ಗೀತಕಾರನು ಹಾಡನ್ನು ತಿದ್ದಿದನು. ಲಿಂಡನ ಕಂಠದಿಂದ ಕೊನೆಯಲ್ಲಿ ಹೊರಬಿದ್ದ ಆ ಸ್ವರಪಂಕ್ತಿಯನ್ನೇ ಈತನು ಮುಖ್ಯ ರಾಗವನ್ನಾಗಿ ಮಾಡಿ, ಅದಕ್ಕೆ ಇಂಗ್ಲಿಷ್ ಮಾತುಗಳನ್ನು ಹೊಂದಿಸಿದನು. ಜುಲು ಹಾಡಿನ ಸಿಂಹವು ಈ ಹಾಡಿನಲ್ಲಿ ನಿದ್ದೆಹೋಯಿತು! 1961ರ ಡಿಸೆಂಬರಿನಲ್ಲಿ ಈ ಮುದ್ರಿಕೆಯು ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೊದಲನೆಯದಾಯಿತು. 1972ರಲ್ಲಿ ಅಮೆರಿಕದ ರಾಬರ್ಟ್ ಜಾನ್, 1982ರಲ್ಲಿ ಇಂಗ್ಲೆಂಡಿನ ‘ಟೈಟ್ ಫಿಟ್’ ತಂಡ, ಹೀಗೆ ಹಾಡಿದವರ ಸಂಖ್ಯೆ ನೂರೈವತ್ತನ್ನು ಮೀರುತ್ತದೆಂದು ಬಲ್ಲವರು ಹೇಳುತ್ತಾರೆ.

ಟೋಕನ್ಸರ ಹಾಡು ಮೆರೆಯುತ್ತಿದ್ದಾಗ ಲಿಂಡನು ಮೂತ್ರಪಿಂಡಗಳ ರೋಗದಿಂದ ನರಳುತ್ತಿದ್ದನು. 1959ರಲ್ಲಿಯೇ ಆತನು ವೇದಿಕೆಯ ಮೇಲೆ ಕುಸಿದುಬಿದ್ದಿದ್ದನು. ಸೊವೆಟೊದಲ್ಲಿ ಆತನದು ಸೆಗಣಿ ಸಾರಿಸಿದ ನೆಲದ ಪುಟ್ಟ ಮನೆ. ಜೋಳದ ಅಂಬಲಿಯೇ ಅಲ್ಲಿನ ಮುಖ್ಯ ಆಹಾರ. 1962ನೆಯ ಅಕ್ಟೋಬರ್ 8ರಂದು ಆತನು ತೀರಿಕೊಂಡನು. ಬ್ಯಾಂಕಿನಲ್ಲಿ 25 ಡಾಲರುಗಳಷ್ಟೂ ಇರಲಿಲ್ಲ. ಗೋರಿಯ ಮೇಲೆ ಒಂದು ಕಲ್ಲನ್ನು ನಿಲ್ಲಿಸಲು ಪತ್ನಿ ರೆಜೀನಳಿಗೆ ಸಾಧ್ಯವಾಗಲಿಲ್ಲ. ಆ ಕಲ್ಲು ಬಂದುದು ಹದಿನೆಂಟು ವರ್ಷಗಳ ಮೇಲೆ.

ಮುಂದೆ ಆಕೆಯೂ ಹೆಣ್ಣುಮಕ್ಕಳೂ ಹಕ್ಕುಗಳನ್ನು ಬಿಟ್ಟುಕೊಡುವ ಪತ್ರಗಳಿಗೆ ಸಹಿಹಾಕಿದರು. ಇನ್ನು ಕೇಳುವುದಕ್ಕೆ ಏನೂ ಉಳಿದಿಲ್ಲವೆಂಬಂತೆ ಇತ್ತು. 2000ದಲ್ಲಿ ರಯನ್ ಮಲಾನ್ ಎಂಬ ಜೊಹಾನ್ಸ್‌ಬರ್ಗಿನ ಪತ್ರಕರ್ತನು ಅಮೆರಿಕದ ಪತ್ರಿಕೆಯೊಂದರಲ್ಲಿ ಈ ಕಥೆಯನ್ನೆಲ್ಲ ವಿಸ್ತಾರವಾಗಿ ಬರೆದನು. ಅನಂತರ ಓವೆನ್ ಡೀನ್ ಎಂಬ ವಕೀಲನು ಹಳೆಯ ಕಾನೂನೊಂದನ್ನು ಹುಡುಕಿ ತೆಗೆದನು. ಬ್ರಿಟಿಷ್ ಸಾಮ್ರಾಜ್ಯಕ್ಕಾಗಿ 1911ರಲ್ಲಿ ಮಾಡಿದ ಆ ಕಾಯಿದೆಯ ಮೇರೆಗೆ, ಕರ್ತೃವು ತನ್ನ ಕೃತಿಯನ್ನು ಮಾರಿದ್ದರೂ ಆತನು ಸತ್ತ 25 ವರ್ಷಗಳ ಮೇಲೆ ಹಕ್ಕು ಆತನ ವಾರಸುದಾರರಿಗೆ ಮರಳತಕ್ಕದ್ದು. ಹಾಗಾದರೆ 1987ರಲ್ಲಿ ಆ ಹಕ್ಕು ಲಿಂಡನ ಸಂಸಾರಕ್ಕೆ ಮರಳಿತ್ತೆಂಬುದು ಆತನ ವಾದ. ಇದನ್ನು ಆಧಾರವಾಗಿಟ್ಟುಕೊಂಡು 2004ರಲ್ಲಿ ಡಿಸ್ನಿ ಕಂಪನಿಯ ಮೇಲೆ ದಾವೆ ಹೂಡಲಾಯಿತು. ದಕ್ಷಿಣ ಆಫ್ರಿಕದಲ್ಲಿದ್ದ ಅದರ ಮಿಕಿ ಮೌಸ್, ಡೊನಾಲ್ಡ್ ಡಕ್ ಮುಂತಾದ ವ್ಯಾಪಾರ ಚಿಹ್ನೆಗಳನ್ನೇ ನ್ಯಾಯಾಲಯವು ಜಪ್ತಿಮಾಡಿತು.

2006ರ ಫೆಬ್ರವರಿಯಲ್ಲಿ, ಅಮೆರಿಕದಲ್ಲಿ ಹಾಡಿನ ಹಕ್ಕನ್ನು ಹೊಂದಿದ್ದ ಅಬಿಲೀನ್ ಮ್ಯೂಸಿಕ್ ಕಂಪನಿಯೊಡನೆ ರಾಜಿಯಾಯಿತು. ಮೊತ್ತವನ್ನು ಬಹಿರಂಗಪಡಿಸಲಿಲ್ಲ. ಸಾಲೊಮನ್ ಲಿಂಡನನ್ನು ಆ ಗೀತೆಯ ಸಹಕರ್ತೃವೆಂದು ಒಪ್ಪಿಕೊಳ್ಳಲಾಯಿತು. ರಾಜಿಯ ಸುದ್ದಿಯನ್ನು ಕೇಳಲು ಮೂವರು ಹೆಣ್ಣುಮಕ್ಕಳು ಬದುಕಿದ್ದರು. ನಾಲ್ಕನೆಯವಳು 2001ರಲ್ಲಿಯೇ ಔಷಧಿಗೆ ಹಣವಿಲ್ಲದೆ ರೋಗದಿಂದ ತೀರಿಕೊಂಡಿದ್ದಳು.