ಪುರಸಭೆಯ ಬಾಗಿಲು ತೆರೆಸಿದ ಕುದ್ಮುಲ್ ರಂಗರಾಯರು

ಮಂಗಳೂರು: ಪಂಪ್‌ವೆಲ್‌ನಲ್ಲಿ ಬಸ್ಸಿಳಿದು ಕಂಕನಾಡಿ ಮಾರ್ಗವಾಗಿ ಹಂಪನಕಟ್ಟೆ ದಾಟಿದರೆ ಪುರಭವನ ಎದುರಾಗುತ್ತದೆ. ಅದಕ್ಕಿರುವುದು ಕುದ್ಮುಲ್ ರಂಗರಾಯರ ಹೆಸರು. ಊರಿನ ಸಾರ್ವಜನಿಕ ಸೌಲಭ್ಯಗಳಿಂದ ಹೊರಗುಳಿದಿದ್ದವರಿಗಾಗಿ ಬದುಕು ಸವೆಸಿದವರ ಹೆಸರು ಆ ಸಭಾಂಗಣಕ್ಕೆ ಸಂದಿರುವುದು ಉಚಿತವೇ ಆಗಿದೆ.

1859ರ ಜೂನ್ 29ರಂದು ಕಾಸರಗೋಡು ತಾಲೂಕಿನ ಕುದ್ಮುಲ್‌ನ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದ ರಂಗರಾಯರು, ಮಂಗಳೂರಿಗೆ ಬಂದು ಅಧ್ಯಾಪಕರಾದರು. ಬಳಿಕ ವಕೀಲ ವೃತ್ತಿ ಹಿಡಿದು ಬಡವರ ವಕೀಲರೆನಿಸಿದರು. ಬ್ರಹ್ಮಸಮಾಜದ ವಿಚಾರಗಳು ಅವರನ್ನು ಸೆಳೆದವು.

ದಕ್ಷಿಣ ಕನ್ನಡವು ಆಗ ಮದ್ರಾಸ್ ಪ್ರಾಂತ್ಯದ ಭಾಗ. ದಲಿತರ ಮಕ್ಕಳಿಗೆ ಊರ ಶಾಲೆಯೂ ಇಲ್ಲ, ಊರ ಬಾವಿಯೂ ಇಲ್ಲ. 1892ರಲ್ಲಿ ರಾಯರು ಉರ್ವ ಚಿಲಿಂಬಿಯಲ್ಲಿ ಆ ಮಕ್ಕಳಿಗೆ ಶಾಲೆ ತೆರೆದರು. ವಿರೋಧದಿಂದಾಗಿ ಶಾಲೆಯನ್ನು ಸ್ಥಳಾಂತರಿಸಬೇಕಾಯಿತು. ಸ್ವಜಾತಿಯವರು ಬಹಿಷ್ಕಾರ ಹಾಕಿದರು. ರಾಯರು ಹಿಂಜರಿಯಲಿಲ್ಲ. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ವಿಠ್ಠಲ ರಾಮ್‌ಜಿ ಶಿಂಧೆಯವರು ಮುಂಬೈಯಲ್ಲಿ ಇದೇ ಹೆಸರಿನ ಸಂಸ್ಥೆ ಕಟ್ಟಿದ್ದು 1906ರಲ್ಲಿ.

ಕೋಡಿಯಾಲಬೈಲಿನ ಶೇಡಿಗುಡ್ಡೆ ಮಿಷನ್‌ನ ಕೇಂದ್ರವಾಯಿತು. ಅಲ್ಲಿ ಅಕ್ಷರದೊಂದಿಗೆ ಮರಗೆಲಸದಂತಹ ವೃತ್ತಿಯನ್ನೂ ಕಲಿಸಲಾಯಿತು. ಪಂಪ್‌ವೆಲ್‌ಗೆ ಸಮೀಪದ ಅತ್ತಾವರ ಬಾಬುಗುಡ್ಡೆಯಲ್ಲೂ ಶಾಲೆ ನಡೆಯಿತು. ಹಸಿದ ಮಕ್ಕಳು ಶಾಲೆ ಬಿಡಬಾರದೆಂದು ಮಧ್ಯಾಹ್ನ ಊಟ ನೀಡಲಾಯಿತು.

ಆದರೆ ದಾನಿಗಳ ನೆರವೊಂದರಿಂದಲೇ ಊರು ಬದಲಾಗದೆಂಬ ಅರಿವು ರಾಯರಿಗಿತ್ತು. ತೀರ್ಮಾನ ಕೈಗೊಳ್ಳುವ ಸಭೆಯಲ್ಲಿ ದಲಿತರೂ ಕುಳಿತಿರಬೇಕೆಂದು ಅವರು ಪ್ರಯತ್ನಿಸಿದರು. ಇದರ ಫಲವಾಗಿ ಅಂಗಾರ ಮಾಸ್ತರ್, ಗೋವಿಂದ ಮಾಸ್ತರ್ ಅವರಂತಹ ದಲಿತ ಪ್ರತಿನಿಧಿಗಳು ಸ್ಥಳೀಯ ಸಂಸ್ಥೆಗಳಿಗೆ ನಾಮಕರಣಗೊಂಡರು. ಫಲಾನುಭವಿಯಾಗಿದ್ದವನು ಸದಸ್ಯನಾದದ್ದು ಸಣ್ಣ ಬದಲಾವಣೆಯಲ್ಲ.

ಮನೆಯಲ್ಲೂ ರಾಯರು ನುಡಿದಂತೆ ನಡೆದರು. ಬಾಲ್ಯದಲ್ಲೇ ವಿಧವೆಯಾದ ಮಗಳು ರಾಧಾಬಾಯಿಗೆ ವಿದ್ಯೆ ಕೊಡಿಸಿ, ಮರುವಿವಾಹ ಮಾಡಿದರು. 1930ರ ಲಂಡನ್ ದುಂಡುಮೇಜಿನ ಪರಿಷತ್ತಿನಲ್ಲಿ ಭಾಗವಹಿಸಿದ ರಾಧಾಬಾಯಿ ಸುಬ್ಬರಾಯನ್ ಇವರೇ.

ಇಳಿವಯಸ್ಸಿನಲ್ಲಿ ಮಿಷನ್‌ನ ಹೊಣೆಯನ್ನು ಭಾರತ ಸೇವಕ ಸಮಾಜಕ್ಕೆ ವಹಿಸಿ, ಈಶ್ವರಾನಂದರೆಂಬ ಹೆಸರಿನಿಂದ ಸನ್ಯಾಸ ಸ್ವೀಕರಿಸಿದರು. 1928ರ ಜನವರಿ 30ರಂದು ನಿಧನರಾದರು. ತಮ್ಮ ಅಂತ್ಯಸಂಸ್ಕಾರವನ್ನು ಊರು ಗುಡಿಸುವ ತೋಟಿಗಳೇ ನೆರವೇರಿಸಬೇಕೆಂಬುದು ಅವರ ಕಡೆಯ ಇಚ್ಛೆಯಾಗಿತ್ತು. 1934ರ ಫೆಬ್ರವರಿಯಲ್ಲಿ ಮಂಗಳೂರಿಗೆ ಬಂದ ಗಾಂಧೀಜಿ ಮಿಷನ್‌ಗೆ ಭೇಟಿ ನೀಡಿದರು.

ನಗರಾಡಳಿತದಲ್ಲಿ ನಾಗರಿಕರ ಪಾಲ್ಗೊಳ್ಳುವಿಕೆಯ ಮಾತು ಇಂದು ಎಲ್ಲೆಡೆ ಕೇಳಿಬರುತ್ತದೆ. ಯಾವ ನಾಗರಿಕರಿಗೆ ಇನ್ನೂ ಕುರ್ಚಿ ದೊರೆತಿಲ್ಲ ಎಂದು ಮೊದಲು ನೋಡಬೇಕೆಂಬುದು ರಂಗರಾಯರ ಬದುಕು ಕಲಿಸುವ ಪಾಠ.